ಇಪ್ಪತ್ತು ಮೊಳದ ಮನೆ

ದಿಂಡಿಗಲ್ಲಿನ ಕೋಟೆಬಂಡೆಯ ಬುಡದಲ್ಲಿ ಕೌಂಡರ ಸಂದು ಎಂಬ ಗಲ್ಲಿಯಿದೆ. ಎದುರಿಗೆ ನೀರಿನ ಗಾಡಿ ಬಂದರೆ ಸೈಕಲ್ಲಿನವನು ಇಳಿದು ಯಾರದಾದರೂ ಜಗುಲಿ ಹತ್ತಬೇಕು, ಅಷ್ಟೇ ಅಗಲ. ಆದರೆ ಆ ಗಲ್ಲಿಯಲ್ಲಿ ಇಲ್ಲದ್ದೇನು ಹೇಳಿ! ಬಾಯಲ್ಲೇ ಕಲ್ಲುಕಂಬದ ಹಳೇ ಛತ್ರ, ಅದರೊಳಗೆ ಈಗ ರೇಷನ್ ಅಂಗಡಿ. ಪಕ್ಕದಲ್ಲಿ ಬೀಗ ಮಾಡುವವರ ತಗ್ಗು ಹೆಂಚಿನ ಕೊಟ್ಟಿಗೆ, ಬೆಳಿಗ್ಗೆ ಆರಕ್ಕೇ ಅಲ್ಲಿ ಅರ ತಿಕ್ಕುವ ಸದ್ದು ಶುರು. ಅದಕ್ಕೆ ಎದುರು ಲಿಫ್ಟು ಇಟ್ಟುಕೊಂಡೂ ಓಡಿಸದ ಒಂದು ಲಾಡ್ಜು. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ, ಒಂದಕ್ಕೊಂದು ಭುಜ ತಾಗಿಸಿಕೊಂಡು ಎರಡು ಕಟ್ಟಡ. ಒಂದು ಮುತ್ತಯ್ಯನವರ ತೇಗದ ಕಂಬದ ಮನೆ, ನೂರು ವರ್ಷದ್ದು. ಇನ್ನೊಂದು ವೇಲುವಿನ ನಾಲ್ಕಂತಸ್ತಿನ ಕಾಂಪ್ಲೆಕ್ಸು, ಹೋದ ವರ್ಷದ್ದು. ನೀಲಿ ಗಾಜು, ಕೆಳಗೆ ಎಸ್‌ಟಿಡಿ ಬೂತು, ಜೆರಾಕ್ಸು, ರೆಡಿಮೇಡ್ ಬಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಆ ಗಾಜಿನ ನೀಲಿ ಬೆಳಕು ಮುತ್ತಯ್ಯನವರ ಜಗುಲಿಯ ಮೇಲೆ ಬಿದ್ದು, ಅಲ್ಲಿ ಕೂತವರ ಮುಖವೆಲ್ಲ ಕಾಯಿಲೆ ಬಂದವರ ಹಾಗೆ ಕಾಣುತ್ತಿತ್ತು.

ಮುತ್ತಯ್ಯನವರದು ಮನೆಯೊಳಗೆ ಕನ್ನಡ, ಜಗುಲಿ ಇಳಿದರೆ ತಮಿಳು. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಉತ್ತು ಬಿತ್ತಿದ ಕನ್ನಡದವರ ಒಂದು ಕವಲು ಯಾವಾಗಲೋ ಇಲ್ಲಿಗೆ ಬಂದು ನಿಂತಿತು. ಮುತ್ತಯ್ಯನವರಿಗೆ ಎಪ್ಪತ್ನಾಲ್ಕು. ಮಗ ಗಣೇಶನ್‌ದು ಪಂಪ್‌ಸೆಟ್ ಅಂಗಡಿ. ಮೊಮ್ಮಗಳು ಅಮುದಾ ಪ್ಲಸ್ ಟೂ ಪರೀಕ್ಷೆ ಬರೆದು ಕೂತಿದ್ದಾಳೆ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಇನ್ನು ಸೊಸೆ ಗೋಮತಿ, ಉತ್ತಮಪಾಳಯದವಳು. ಗದ್ದೆಯ ಗಾಳಿ ಕುಡಿದು ಬೆಳೆದವಳು ಹತ್ತೊಂಬತ್ತು ವರ್ಷದಿಂದ ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ ಬೇಯುತ್ತಿದ್ದಾಳೆ. ಹಗಲಲ್ಲೂ ಬಲ್ಬು ಹಾಕಬೇಕು. ಕರೆಂಟು ಹೋದರೆ ಸಾರಿಗೆ ಉಪ್ಪು ಬಿತ್ತೋ ಸಕ್ಕರೆ ಬಿತ್ತೋ ನಾಲಿಗೆಗೇ ಗೊತ್ತಾಗಬೇಕು.

ಕೊನೆಗೂ ಆ ವರ್ಷ, ತೊಂಬತ್ತೆಂಟರ ಪಂಗುನಿಯಲ್ಲಿ, ಅಂದರೆ ಮಾರ್ಚಿ ಕೊನೆಯಲ್ಲಿ, ಹಳೇ ಮನೆ ಇಳಿಸಿ ತಾರಸಿ ಮನೆ ಕಟ್ಟುವುದೆಂದು ಗಣೇಶನ್ ಒಪ್ಪಿದ. ನಕ್ಷೆಯೂ ಬಂತು. ವೇಲುವಿನ ಗೋಡೆಯಿಂದ ನಾಲ್ಕು ಅಡಿ ಸಂದು ಬಿಟ್ಟು ಹೊಸ ಮನೆ. ಆ ಸಂದಿಗೆ ತೆರೆದುಕೊಳ್ಳುವ ಅಡುಗೆಮನೆ ಕಿಟಕಿ. ಗೋಮತಿ ಆ ನಕ್ಷೆಯನ್ನು ಅಕ್ಕಿ ಡಬ್ಬದ ಮೇಲಿಟ್ಟುಕೊಂಡು ದಿನಕ್ಕೆರಡು ಸಲ ಬಿಚ್ಚಿ ನೋಡುತ್ತಿದ್ದಳು. ಕಿಟಕಿಯ ಗುರುತಿನ ಮೇಲೆ ಬೆರಳಿಟ್ಟು ಇಟ್ಟು ಅಲ್ಲಿ ಎಣ್ಣೆಯ ಕಲೆಯೇ ಆಗಿಹೋಯಿತು.

ಮೇಸ್ತ್ರಿ ಪಾಂಡಿ ಒಂದು ಸೋಮವಾರ ಟೇಪು ಹಿಡಿದು ಬಂದ. ಜಗುಲಿಯ ಈ ತುದಿಯಿಂದ ಆ ತುದಿಗೆ ಎಳೆದ. ಇನ್ನೊಮ್ಮೆ ಎಳೆದ.

"ಇಪ್ಪತ್ತಾರು ಅಡಿ," ಅಂದ.

"ಸರಿಯಾಗಿ ಹಿಡಿಯಪ್ಪಾ," ಎಂದ ಗಣೇಶನ್. "ಪತ್ರದಲ್ಲಿ ಇಪ್ಪತ್ತು ಮೊಳ ಅಂತಿದೆ. ಮೊಳಕ್ಕೆ ಒಂದೂವರೆ ಅಡಿ. ಮೂವತ್ತು ಆಗಬೇಕು. ನಕ್ಷೆ ಹಾಕಿಸಿದ್ದೂ ಮೂವತ್ತಕ್ಕೇ."

"ಪತ್ರ ಏನು ಬೇಕಾದರೂ ಹೇಳಲಿ ಅಣ್ಣಾ, ನನ್ನ ಟೇಪು ಇಪ್ಪತ್ತಾರು ಅನ್ನುತ್ತಿದೆ."

ಮೂರನೇ ಸಲ ಗಣೇಶನೇ ಒಂದು ತುದಿ ಹಿಡಿದ. ಇಪ್ಪತ್ತಾರು. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಗೋಮತಿ ಆಗಲೇ ಲೆಕ್ಕ ಹಾಕಿದಳು. ಕಾಣೆಯಾದ ನಾಲ್ಕು ಅಡಿ ಎಂದರೆ ಆ ಸಂದು. ಸಂದು ಇಲ್ಲದಿದ್ದರೆ ಕಿಟಕಿಗೆ ಎದುರು ವೇಲುವಿನ ಗೋಡೆ, ಅಷ್ಟೇ.

ಮಧ್ಯಾಹ್ನ ರಾಗಿ ಮುದ್ದೆ, ಮೊಚ್ಚೆಕಾಳಿನ ಕೊಳಂಬು, ಅಂದರೆ ಅವರೆಕಾಳಿನ ಹುಳಿ. ಗಣೇಶನ್ ಮುದ್ದೆ ಮುರಿಯದೆ ಕೇಳಿದ.

"ಅಪ್ಪಾ, ವೇಲು ಕಡೆ ಗೋಡೆ ಯಾವಾಗ ಕಟ್ಟಿದ್ದು?"

"ಅದಾ? ಎಪ್ಪತ್ತೇಳ್ರಾಗೆ. ಆ ವರ್ಸ ಮಳೆ ಉಯ್ತಲ್ಲ, ಅರ್ಧ ಬಿದ್ಬುಡ್ತು. ನಾನೂ ಕರುಪ್ಪಯ್ಯನೂ ಸೇರ್ಕೊಂಡು ಎತ್ತಿದ್ವಿ." ಕರುಪ್ಪಯ್ಯ ಎಂದರೆ ವೇಲುವಿನ ತಂದೆ. ತೀರಿಹೋಗಿ ಆರು ವರ್ಷ.

"ಅದೇ ಜಾಗದಾಗೆ ಎತ್ತಿದ್ರಾ?"

"ಇನ್ನೆಲ್ಲಿ ಎತ್ತೋದು, ಬಂಡೆ ಮ್ಯಾಲಾ?"

ಅಮುದಾ ಕಿಸಕ್ಕೆಂದು ನಕ್ಕಳು. ಅಪ್ಪ ಕಣ್ಣುಬಿಟ್ಟ ಮೇಲೆ ತಟ್ಟೆಯೊಳಗೆ ಮುಖವಿಟ್ಟಳು.

"ನಾಕಡಿ ಕಮ್ಮಿ ಬತ್ತದೆ, ನಗೋ ಮಾತಲ್ಲ," ಎಂದ ಗಣೇಶನ್. "ಗೋಡೆ ಈಚೆಗೆ ಬಂದದೆ. ತಾನಾಗಿ ನಡ್ಕೊಂಡು ಬಂತಾ?"

ಮುತ್ತಯ್ಯ ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡಿದರು. ಆಗ ಗೋಮತಿ ಒಂದು ಮಾತು ಆಡಿದಳು. ಎಷ್ಟು ಮೆತ್ತಗೆ ಆಡಿದಳೆಂದರೆ, ಬೆಣ್ಣೆ ಬಡಿಸಿದ ಹಾಗೆ.

"ಮಾವಾ, ಕರುಪ್ಪಯ್ಯ ನಿಮಗೆ ಬಲು ಸಿನೇಗಾರ. ಒಂದೆರಡು ಮೊಳ ಅವನ ಕಡೆ ಓದ್ರೆ ಓಗ್ಲಿ ಅಂತ ಬುಟ್ಟಿರ್ಬೋದು. ನೆಪ್ಪು ಮಾಡ್ಕೊಂಡು ನೋಡಿ."

"ಇಲ್ಲವ್ವಾ, ಅಂಗೇನೂ..." ಎಂದು ಮುತ್ತಯ್ಯ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿ ಕೊಳಂಬಿನಲ್ಲಿ ಬೆರಳಾಡಿಸಿದರು. ನೆನಪು ಮಾಡಿಕೊಳ್ಳುತ್ತಿದ್ದರು, ಪಾಪ. ಸೊಸೆ ಹೇಳಿದಳಲ್ಲ.

ಗಣೇಶನ್ ಅವತ್ತು ಸಂಜೆಯೇ ವೇಲುವಿನ ಬಳಿ ಹೋದ. ವೇಲು ಕೆಟ್ಟವನೇನೂ ಅಲ್ಲ. ಫ್ಯಾನು ಹಾಕಿ, ಕೂರಿಸಿ, ಕಾಫಿ ತರಿಸಿ, ತನ್ನ ಕಾಗದಗಳನ್ನೆಲ್ಲ ಬಿಡಿಸಿ ತೋರಿಸಿದ. ಕಾಂಪ್ಲೆಕ್ಸು ಕಟ್ಟುವಾಗ ಸರ್ವೆ ಮಾಡಿಸಿದ್ದ. ಅವನ ಜಾಗ ಅಡಿ ಅಂಗುಲ ಸಮೇತ ಸರಿಯಿತ್ತು.

"ಅಣ್ಣಾ, ನಿಮ್ಮದು ನಾಲ್ಕಡಿ ನನ್ನ ಹತ್ತಿರ ಬಂದಿದ್ದರೆ ನನ್ನದು ನಾಲ್ಕಡಿ ಹೆಚ್ಚು ಇರಬೇಕಲ್ಲ? ಇಲ್ಲವಲ್ಲ. ಎಲ್ಲಿ ಹುಡುಕಲಿ?"

ಗಣೇಶನ್ ಹೊರಗೆ ಬಂದು ಎರಡು ಕಟ್ಟಡವನ್ನೂ ನಿಂತು ನೋಡಿದ. ಇಲ್ಲಿ ಕಡಿಮೆ, ಅಲ್ಲಿ ಹೆಚ್ಚಿಲ್ಲ, ಹಾಗಾದರೆ ಭೂಮಿ ಏನಾಯಿತು? ಮನೆಗೆ ಬಂದವನು, "ಅವನ ಸರ್ವೆಯೇ ಕಳ್ಳ ಸರ್ವೆ," ಎಂದ. "ಅಪ್ಪ ಬಾಯಿ ಬಿಟ್ರೆ ಎಲ್ಲಾ ಈಚೆ ಬತ್ತದೆ."

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಕಾಫಿಗೆ ಒಮ್ಮೆ, ಊಟಕ್ಕೆ ಒಮ್ಮೆ, ಅಂಗಡಿಯಿಂದ ಬಂದ ಮೇಲೆ ಒಮ್ಮೆ, ಅದೇ ಪ್ರಶ್ನೆ. ಗೋಡೆಗೆ ದಾರ ಯಾರು ಹಿಡಿದರು? ಗಡಿಯ ಹಳೇ ಗೂಟ ಕಿತ್ತು ಈಚೆಗೆ ಹೊಡೆದೆಯಾ? ಆಗ ಕರುಪ್ಪಯ್ಯ ಎಲ್ಲಿ ನಿಂತಿದ್ದ? ಹೆಗಲ ಮೇಲೆ ಬಿಳೀ ಟವಲಿನ ತುಂಡು ಹಾಕಿಕೊಂಡು ಇಲ್ಲೇ ತಾನೇ ನಿಂತಿದ್ದದ್ದು? ಗೋಮತಿ ಬಡಿಸುತ್ತಾ ನಿಂತಿರುತ್ತಿದ್ದಳು. "ಸಾಕು ಬುಡಿ, ಉಣ್ಲಿ," ಎನ್ನಬಹುದಿತ್ತು. ಒಂದೆರಡು ಸಲ ಅಂದಳು ಕೂಡ. ಆದರೆ ಆ ಕಿಟಕಿ ಕಣ್ಣಮುಂದೆ ಬಂದುಬಿಡುತ್ತಿತ್ತು, ಬಾಯಿ ಮುಚ್ಚಿಕೊಂಡಿರುತ್ತಿದ್ದಳು.

ಮುತ್ತಯ್ಯ ಬೆಳಿಗ್ಗೆ ಎದ್ದು ಮುಖ ತೊಳೆದವರೇ ಜಗುಲಿಯನ್ನು ಅಳೆಯತೊಡಗಿದರು. ಮೊಣಕೈ ಊರಿ, ಬೆರಳ ತುದಿಗೆ ಗುರುತಿಟ್ಟು, ಮತ್ತೆ ಮೊಣಕೈ ಊರಿ. ಈ ತುದಿಯಿಂದ ಆ ತುದಿಗೆ ಮಂಡಿಯ ಮೇಲೆ.

"ತಾತಾ, ಎನ್ನ ಪಣ್ಣುರೀಂಗ?" ಏನು ಮಾಡ್ತಿದ್ದೀರಿ ಅಂತ ಅಮುದಾ ಕೇಳಿದಳು, ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು. ಆ ಬೇಸಿಗೆ ದಿಂಡಿಗಲ್ಲಿನಲ್ಲಿ ನಲ್ಲಿ ನೀರು ಬಂದರೆ ಹಬ್ಬ.

"ಅದಿನೇಳು, ಮ್ಯಾಲೆ ಚಿಲ್ರೆ," ಎಂದರು ಮುತ್ತಯ್ಯ. "ಇಪ್ಪತ್ತಿತ್ತು ಕಣವ್ವಾ. ಮೂರು ಮೊಳ ಎಲ್ಲಿ ಓಯ್ತು?"

ಚಿತ್ತಿರೈ ತಿಂಗಳ ಕೊನೆಯ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಯಾರೂ ಕೇಳದೆಯೇ ಮುತ್ತಯ್ಯ ಬಾಯಿಬಿಟ್ಟರು.

"ಕೊಟ್ಟೆ ಕಣಪ್ಪಾ."

"ಏನು ಕೊಟ್ಟೆ?"

"ಜಾಗ. ಮೂರು ಮೊಳ. ಕರುಪ್ಪಯ್ಯ ಬಿಳೀ ತುಂಡು ಆಕ್ಕೊಂಡು ನಿಂತಿದ್ದ. ನಾನೇ ಗೂಟ ಕಿತ್ತು ಈಚೆಗೆ ಒಡ್ದೆ. ತೆಪ್ಪಾಗೋಯ್ತು."

ಗಣೇಶನ್ ತಟ್ಟೆಯನ್ನು ತಳ್ಳಿದ ರಭಸಕ್ಕೆ ಅನ್ನ ಚೆಲ್ಲಿತು. "ಇಷ್ಟು ದಿನ ಬಾಯಾಗೆ ಏನ್ ಇಟ್ಕೊಂಡಿದ್ದೆ? ಮಕ್ಳ ಜಾಗ ಎತ್ತಿ ಸಿನೇಗಾರನಿಗೆ ಕೊಟ್ಟೋನಿಗೆ ಈ ಮನೇಲಿ ಊಟ ಯಾಕೆ? ಕರುಪ್ಪಯ್ಯನ ಮಗನ ಮನೇಗೆ ಓಗು. ನಾಕಡಿ ಕೊಟ್ಟಿದ್ದೀಯಲ್ಲ, ನಾಕು ತುತ್ತು ಆಕ್ತಾನೆ."

"ಅಪ್ಪಾ!" ಎಂದಳು ಅಮುದಾ.

ಮುತ್ತಯ್ಯ ಕೈತೊಳೆದು ಎದ್ದರು. ತಾನು ಅಷ್ಟು ದಿನ ಬಯಸಿದ ಮಾತು ಕೊನೆಗೂ ಮಾವನ ಬಾಯಿಂದ ಬಂದಿತ್ತು, ಗೋಮತಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.  ಏಕೆಂದು ಅವಳಿಗೇ ಗೊತ್ತಾಗಲಿಲ್ಲ. ಚೆಲ್ಲಿದ ಅನ್ನ ಬಳಿಯುತ್ತಾ ಕೂತಳು.

ಅವತ್ತಿನಿಂದ ಮುತ್ತಯ್ಯ ಒಳಗೆ ಬಂದು ಉಣ್ಣಲಿಲ್ಲ. ಜಗುಲಿಗೆ ತಂದುಕೊಟ್ಟರೆ ಅರ್ಧ ಉಂಡು ತಟ್ಟೆ ಪಕ್ಕಕ್ಕಿಡುವರು. ಗಣೇಶನ್ ವಕೀಲರ ಬಳಿ ಹೋದ. ವಕೀಲರು ಮುದುಕನನ್ನು ಕರೆಸಿ ಕೇಳಿದರೆ ಒಂದು ಸಲ ಬೆಳಿಗ್ಗೆ ಕೊಟ್ಟೆ ಅನ್ನುತ್ತಾರೆ, ಒಂದು ಸಲ ಸಂಜೆ ಅನ್ನುತ್ತಾರೆ. ಒಮ್ಮೆ ಮೂರು ಮೊಳ, ಒಮ್ಮೆ ಎರಡೂವರೆ. "ಇವರ ಸಾಕ್ಷಿ ಹಿಡಿದುಕೊಂಡು ಕೋರ್ಟಿಗೆ ಹೋದರೆ ನಗುತ್ತಾರೆ," ಎಂದರು ವಕೀಲರು. ಗಣೇಶನ್ ಅದರ ಸಿಟ್ಟನ್ನೂ ತಂದು ಜಗುಲಿಯ ಮೇಲೇ ಇಳಿಸಿದ. ಅತ್ತ ವೇಲು ಎದುರು ಸಿಕ್ಕರೆ ಮುಖ ತಿರುಗಿಸತೊಡಗಿದ. ಸತ್ತ ತಂದೆಯನ್ನು ಕಳ್ಳ ಎಂದರೆ ಯಾರಿಗೆ ಆಗುತ್ತದೆ?

ಸುದ್ದಿ ಪೆರಿಯಕುಳಕ್ಕೂ ಮುಟ್ಟಿತು. ಮುತ್ತಯ್ಯನವರ ಮಗಳು ಜೆಯಲಕ್ಷ್ಮಿ, ಅಲ್ಲಿ ಮಾವಿನ ತೋಪಿನವರಿಗೆ ಕೊಟ್ಟವಳು, ಮುಂದಿನ ವೈಗಾಸಿ ತಿಂಗಳ ಎರಡನೇ ವಾರ ಒಂದು ಬುಟ್ಟಿ ಹಣ್ಣು ಹೊರಿಸಿಕೊಂಡು ಬಸ್ಸಿಳಿದು ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಯಿಬಿಟ್ಟಳು.

"ಏನಣ್ಣಾ, ಅಪ್ಪನ್ನ ಜಗುಲೀಲಿ ಕುಂಡ್ರಿಸಿ ಊಟ ಆಕ್ತಿದ್ದೀಯಂತೆ? ನಾಯಿ ಸಾಕಿದ್ದೀಯಾ?"

"ನಾನು ಕುಂಡ್ರಿಸಿಲ್ಲ. ಅವನೇ ಕುಂತವ್ನೆ."

"ಎದ್ದೇಳಪ್ಪಾ ಒಳೀಕೆ ಬಾ ಅಂತ ಒಂದು ಮಾತು ಅಂದ್ರೆ ನಿನ್ನ ಬಾಯಿ ಸವೀತಿತ್ತಾ?" ಆಮೇಲೆ ಗೋಮತಿಯ ಕಡೆ ತಿರುಗಿದಳು. "ಅತ್ತಿಗೆ, ನಮ್ಮವ್ವ ಇದ್ದಿದ್ರೆ ಈ ಮಾತು ಉಟ್ಟುತ್ತಿತ್ತಾ? ನೀವೂ ನೋಡ್ಕೊಂಡು ನಿಂತಿದ್ರಾ?"

ಗೋಮತಿ ಮಾವಿನಹಣ್ಣಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನೋಡಿಕೊಂಡು ನಿಂತಿದ್ದಳು, ಹೌದು. ಅಷ್ಟೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮೊದಲ ಮಾತು ಅವಳದೇ. ಅದು ಜೆಯಲಕ್ಷ್ಮಿಗೆ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ತಂದೆಯನ್ನು ಕರೆದುಕೊಂಡು ಹೋಗುವುದೆಂದು ಜೆಯಲಕ್ಷ್ಮಿ ತೀರ್ಮಾನಿಸಿದಳು.  ಅವರ ಎರಡು ಪಂಚೆ, ಕನ್ನಡಕದ ಡಬ್ಬಿ ಚೀಲಕ್ಕೆ ಹೋದವು.

ಶುಕ್ರವಾರ ಬೆಳಿಗ್ಗೆ ಗೋಮತಿ ದೇವರಿಗೆ ಹೂವು ತರಲು ಛತ್ರದ ಮೂಲೆಗೆ ಹೋದಳು. ಹೂವಿನ ಅಳಗಮ್ಮಾಳ್ ಅವಳಿಗೆ ಹತ್ತು ವರ್ಷದ ಪರಿಚಯ. ಬೇರೆ ಹೂವಿನವರಿದ್ದರೂ ಗೋಮತಿ ಇವಳನ್ನೇ ಹುಡುಕಿಕೊಂಡು ಹೋಗುವುದಕ್ಕೆ ಕಾರಣವಿತ್ತು. ಅಳಗಮ್ಮಾಳ್ ಎತ್ತರದ ಆಳು, ಉದ್ದ ಕೈ. ಅವಳ ಮೊಳ ಎಂದರೆ ಮೊಳ. ಅವತ್ತು ನೋಡಿದರೆ ಅವಳ ಕೈಗೆ ಕಟ್ಟು, ಬಿದ್ದು ಉಳುಕಿಸಿಕೊಂಡಿದ್ದಳು. ಹೂವು ಅಳೆದುಕೊಟ್ಟವಳು ಹೊಸ ಸೊಸೆ, ಗುಬ್ಬಿಯಷ್ಟು ಹೆಣ್ಣು.

"ಇದೇನಮ್ಮಾ, ಮೊಳವಾ ಗೇಣಾ?" ಗೋಮತಿ ಬೀದಿಯ ತಮಿಳಿನಲ್ಲಿ ಜಗಳಕ್ಕೆ ನಿಂತಳು. "ನಾಲ್ಕು ಮೊಳ ತಗೊಂಡರೆ ಮೂರೂ ಇಲ್ಲ!"

"ಅವಳು ಅಳೆದರೆ ಅವಳ ಮೊಳ," ಎಂದಳು ಅಳಗಮ್ಮಾಳ್, ಎಲೆಯಡಿಕೆ ಅಗಿಯುತ್ತಾ. "ನನ್ನ ಮೊಳ ಬೇಕೆಂದರೆ ನನ್ನ ಕೈ ವಾಸಿಯಾಗಲಿ, ಬಾ. ಮಲ್ಲಿಗೆಗೆ ನಾನು ಬೇರೆ ಕೈ ಎಲ್ಲಿಂದ ತರಲಿ?"

ಗೋಮತಿ ಇನ್ನೊಂದು ಮಾತಿಗೆ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಹೂವಿನ ಪೊಟ್ಟಣ ಕೈಯಲ್ಲಿ, ಬಾಯಿ ಅರ್ಧ ತೆರೆದು. ಅಳಗಮ್ಮಾಳ್‌ಗೇ ಗಾಬರಿಯಾಯಿತು. "ಏನಾಯಿತಮ್ಮಾ? ಸರಿ, ಇನ್ನೊಂದು ಚೂರು ಹಾಕಿಸುತ್ತೇನೆ ತಗೋ."

ಗೋಮತಿ ಆ ಚೂರನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು. ಹತ್ತೊಂಬತ್ತು ವರ್ಷದಲ್ಲಿ ಹೂವಿನ ಕೊಸರು ಬಿಟ್ಟು ಬಂದದ್ದು ಅದೇ ಮೊದಲು.

ಆ ಮನೆಯ ಅಡುಗೆಮನೆ ಬಾಗಿಲಿನ ಚೌಕಟ್ಟಿನಲ್ಲಿ, ಬಲಗಡೆ, ಒಂದರ ಮೇಲೊಂದು ಹಿತ್ತಾಳೆಯ ಎರಡು ಗುಬಟುಗಳಿವೆ. ಅವು ಯಾಕಿವೆ ಎಂದು ಯಾರೂ ಕೇಳಿದ್ದಿಲ್ಲ. ಗೋಮತಿ ಮೇಲಿನದಕ್ಕೆ ಕಾಫಿ ಸೋಸುವ ಬಟ್ಟೆ ನೇತುಹಾಕುತ್ತಿದ್ದಳು, ಕೆಳಗಿನದಕ್ಕೆ ಮಸಿಬಟ್ಟೆ. ಇವರಲ್ಲಿ ಮದುವೆಯಾಗಿ ಬಂದ ಹೆಣ್ಣು ಮೊದಲ ಸಲ ಒಲೆ ಹಚ್ಚುವ ಮೊದಲು ಅಲ್ಲಿ ಕೈಯಿಡುವ ಶಾಸ್ತ್ರ ಮಾಡಬೇಕು. ಕೆಳಗಿನ ಗುಬಟಿಗೆ ಮೊಣಕೈ ತಾಗಿಸಿ, ಬೆರಳನ್ನು ಮೇಲಕ್ಕೆ ಚಾಚಬೇಕು, ಮೂರು ಸಲ. ಗೋಮತಿಯೂ ಮಾಡಿದ್ದಳು. ಅವಳ ಬೆರಳು ಮೇಲಿನ ಗುಬಟನ್ನೂ ದಾಟಿ ಹೋದಾಗ ಅತ್ತೆ, "ಉದ್ದ ಕೈ ಬಂದದೆ, ಸಕ್ಕರೆ ಡಬ್ಬ ಮ್ಯಾಲಿಡಬೇಕು," ಎಂದು ನಕ್ಕಿದ್ದರು. ಶಾಸ್ತ್ರ ಉಳಿದಿತ್ತು. ಯಾತಕ್ಕೆ ಎಂಬುದು ಅತ್ತೆಗೂ ಗೊತ್ತಿರಲಿಲ್ಲ.

ಗೋಮತಿ ಬಟ್ಟೆಗಳನ್ನು ಕಿತ್ತೆಸೆದಳು. ನೂಲುಂಡೆ ತಂದು, ಗುಬಟಿನಿಂದ ಗುಬಟಿಗೆ ನೂಲು ಹಿಡಿದು, ಅಷ್ಟುದ್ದಕ್ಕೆ ಕತ್ತರಿಸಿದಳು. ಜಗುಲಿಗೆ ಬಂದಳು. ಮುತ್ತಯ್ಯ ಪ್ರಯಾಣಕ್ಕೆ ಒಗೆದ ಪಂಚೆಯುಟ್ಟು ಕೂತಿದ್ದರು.

"ಕಾಲು ಎತ್ಕೊಳ್ಳಿ ಮಾವಾ."

ಅವರು ಯಾಕೆಂದು ಕೇಳದೆ ಎತ್ತಿಕೊಂಡರು. ಗೋಮತಿ ಮಂಡಿಯೂರಿ ಅಳೆಯುತ್ತಾ ಹೋದಳು. ಎದುರಿನ ಲಾಡ್ಜಿನ ಮ್ಯಾನೇಜರು ಪೇಪರು ಮಡಿಸಿಟ್ಟು ನೋಡಿದ. ಹದಿನೇಳು ಬಂತು, ಇನ್ನೂ ಜಗುಲಿಯಿತ್ತು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತನೆಯದರ ತುದಿ ವೇಲುವಿನ ಗೋಡೆಗೆ ಹೋಗಿ ತಾಗಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ನಾಲ್ಕು ಅಡಿಯನ್ನು ಯಾರೂ ನುಂಗಿರಲಿಲ್ಲ. ಅದು ಯಾವತ್ತೂ ಇರಲೇ ಇಲ್ಲ. ಕಿಟಕಿಯೂ ಇಲ್ಲ. ಸುಳ್ಳು ಯಾಕೆ ಹೇಳಬೇಕು, ಒಂದು ಗಳಿಗೆ ಗೋಮತಿಗೆ ಆ ನೂಲನ್ನು ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಸುಮ್ಮನಿದ್ದುಬಿಡೋಣ ಎನಿಸಿತು. ಮಧ್ಯಾಹ್ನ ಮಾವ ಬಸ್ಸು ಹತ್ತುತ್ತಾರೆ. ವೇಲು ಬೇಸತ್ತು ಎರಡಡಿಯಾದರೂ ಬಿಟ್ಟರೂ ಬಿಟ್ಟಾನು. ತಲೆಯೆತ್ತಿದರೆ ಮುತ್ತಯ್ಯ ಇನ್ನೂ ಕಾಲು ಎತ್ತಿಕೊಂಡೇ ಕೂತಿದ್ದರು, ಇಳಿಸಬಹುದು ಅಂತ ಯಾರೂ ಹೇಳಿರಲಿಲ್ಲವಲ್ಲ. ಗೋಮತಿ ನೂಲನ್ನು ಹಾಗೇ ಹಿಡಿದು ಎದ್ದಳು.

"ಅಮುದಾ! ಓಗಿ ನಿಮ್ಮಪ್ಪನ್ನ ಕರ್ಕೊಂಡು ಬಾ. ಪಾಂಡಿ ಮೇಸ್ತ್ರಿನೂ ಬರ್ಲಿ. ಈಗ್ಲೇ!"

ಗಣೇಶನ್ ಬೆವರುತ್ತಾ ಬಂದ. ವಿಷಯ ಕೇಳಿ, "ಹೂವಿನ ಲೆಕ್ಕ ತಂದು ಮನೆಗೆ ಆಕ್ತೀಯಾ? ತಲೆ ಕೆಟ್ಟದಾ?" ಎಂದು ಸಿಡುಕಿದ. ಆದರೆ ಪಾಂಡಿ ನೂಲನ್ನು ಕೈಗೆ ತೆಗೆದುಕೊಂಡು ಟೇಪಿಗೆ ಹಿಡಿದು ನೋಡಿದ. ಹದಿನೈದೂವರೆ ಅಂಗುಲ, ಮೇಲೆ ಒಂದು ಚೂರು. ನೂಲು ಹಿಡಿದುಕೊಂಡು ಒಳಗೆ ಹೋದ. ನಡುಮನೆಯ ಕಂಬದಿಂದ ಕಂಬಕ್ಕೆ ಹಿಡಿದ: ನಾಲ್ಕು, ಸರಿಯಾಗಿ. ಅಡುಗೆಮನೆ: ಉದ್ದ ಎಂಟು, ಅಗಲ ಆರು. ತಲೆಬಾಗಿಲ ಎತ್ತರ: ಐದು. ಹಿಂದೆ ಟೇಪಿನಲ್ಲಿ ಎಲ್ಲವೂ ಕಾಲು, ಅರೆ, ಮುಕ್ಕಾಲು ಎಂದು ಬಂದದ್ದು ಈ ನೂಲಿಗೆ ಪೂರ್ತಿ ಪೂರ್ತಿಯಾಗಿ ಬಂದು ಕೂರುತ್ತಿತ್ತು.

"ಅಣ್ಣಾ," ಎಂದ ಪಾಂಡಿ, ಚೌಕಟ್ಟನ್ನು ಸವರುತ್ತಾ. "ಈ ಮನೆಯ ಅಳತೆಕೋಲು ಇದೇ. ಬೇರೆ ಮಾತಿಲ್ಲ. ಗೋಡೆ ಇದ್ದಲ್ಲೇ ಇದೆ. ಪತ್ರ ಬರೆದವನು ಮನೆಯ ಮೊಳ ಬರೆದ, ನಾವು ಅಂಗಡಿಯ ಮೊಳ ಓದಿದೆವು."

"ಇಷ್ಟು ಸಣ್ಣ ಮೊಳ ಯಾವ ಗಂಡಸಿಂದು?" ಎಂದಳು ಜೆಯಲಕ್ಷ್ಮಿ.

"ಗಂಡಸಿಂದಲ್ಲ," ಎಂದಳು ಗೋಮತಿ. "ಇಲ್ಲಿ ಕೈಯಿಡೋರು ಯಾರು? ಒಲೆ ಅಚ್ಚೋಳು. ಅವತ್ತು ಮೊದ್ಲು ಒಲೆ ಅಚ್ಚಿದೋಳ ಕೈ ಇದು."

ಅಮುದಾ ಸುಮ್ಮನೆ ಹೋಗಿ ಕೆಳಗಿನ ಗುಬಟಿಗೆ ಮೊಣಕೈ ಇಟ್ಟಳು. ಅವಳ ನಡುಬೆರಳು ಮೇಲಿನ ಗುಬಟನ್ನು ಮುಟ್ಟಿ ನಿಂತಿತು. ಎಲ್ಲರೂ ನೋಡಿದರು. ಬಾಗಿಲಲ್ಲಿ ಬಂದು ನಿಂತಿದ್ದ ಮುತ್ತಯ್ಯನವರೂ ನೋಡಿದರು.

"ನಮ್ಮಜ್ಜಿ ಚೆಲ್ಲಮ್ಮಾಳ್ ಇಷ್ಟೇ ಇದ್ದಿದ್ದು," ಎಂದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು. "ನೀರು ಮನೇಲಿ ಕುಂತ್ರೆ ಕೊಡ ಯಾವ್ದು ಅಜ್ಜಿ ಯಾವ್ದು ಗೊತ್ತಾಗ್ತಿರ್ಲಿಲ್ಲ."

"ಮಾವಾ, ಕೇಳಿದ್ರಾ? ನೀವು ಏನೂ ಕೊಟ್ಟಿಲ್ಲ. ಜಾಗ ಎಲ್ಲೂ ಓಗಿಲ್ಲ."

"ಕೊಟ್ಟಿಲ್ವಾ?"

"ಇಲ್ಲ."

ಮುತ್ತಯ್ಯ ತಲೆಯಾಡಿಸಿದರು. ಆಮೇಲೆ ಅವರ ಮುಖ ನಿಧಾನವಾಗಿ ಮೊದಲಿನ ಹಾಗಾಯಿತು. "ಆದ್ರೆ ಕೊಟ್ಟಿದ್ದು ನಂಗೆ ನೆಪ್ಪದೆಯಲ್ಲವ್ವಾ. ಕರುಪ್ಪಯ್ಯ ಬಿಳೀ ತುಂಡು ಆಕ್ಕೊಂಡಿದ್ದ. ಗೂಟ ಕಿತ್ತೋನು ನಾನೇ. ಕೈಗೆ ಮಣ್ಣು ಅತ್ತಿತ್ತು."

 ಬಿಳೀ ತುಂಡು, ಗೂಟ, ಎಲ್ಲವೂ ಗಣೇಶನ್ ಊಟದ ಹೊತ್ತಿನಲ್ಲಿ ಕೇಳಿ ಕೇಳಿ ಇಟ್ಟದ್ದು. ಅದಕ್ಕೂ ಮೊದಲು ಗೋಮತಿ ಇಟ್ಟದ್ದು. ಕೈಗೆ ಹತ್ತಿದ ಮಣ್ಣೊಂದನ್ನು ಮಾತ್ರ ಮುದುಕ ತಾನೇ ಸೇರಿಸಿಕೊಂಡಿದ್ದರು. ಇನ್ನು ಯಾವ ನೂಲು ಹಿಡಿದು ಅದನ್ನು ಅಳೆದು ತೆಗೆಯುವುದು?

"ನಾನೇ ಮಾವಾ, ನಾನೇ ಆ ಮಾತು ಮೊದ್ಲು ಆಡಿದ್ದು," 
ಎಂದು ಗೋಮತಿ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. "ಕಿಟಕಿ ಆಸೆಗೆ ಆಡ್ಬುಟ್ಟೆ."

"ಅಳಬ್ಯಾಡ ಅಳಬ್ಯಾಡ," ಎಂದರು ಮುತ್ತಯ್ಯ, ಏನೊಂದೂ ಅರ್ಥವಾಗದೆ. "ಕಿಟಕಿಗೆ ಏನಾಯ್ತು?"

ಬಸ್ಸಿನ ಹೊತ್ತಾಯಿತು. ಜೆಯಲಕ್ಷ್ಮಿ ಚೀಲ ಹೆಗಲಿಗೆ ಹಾಕಿಕೊಂಡು ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು. ಗಣೇಶನ್ ತೇಗದ ಕಂಬಕ್ಕೆ ಒರಗಿಕೊಂಡು ನೆಲ ನೋಡುತ್ತಿದ್ದ.  ತಪ್ಪಾಯಿತು ಎಂದು ಅವನು ಜನ್ಮದಲ್ಲಿ ಯಾರಿಗೂ ಅಂದವನಲ್ಲ. ಮುತ್ತಯ್ಯ ಚಪ್ಪಲಿ ಮೆಟ್ಟಲು ಜಗುಲಿಗೆ ಬಂದವರು, ದಿನದ ಅಭ್ಯಾಸ ನೋಡಿ, ಮಂಡಿಯೂರಿ ಮೊಣಕೈ ಊರಿ ಅಳೆಯಲು ಶುರುಮಾಡಿಬಿಟ್ಟರು.

"ಒಂದು. ಎಲ್ಡು. ಮೂರು."

ಗಣೇಶನ್ ಕಂಬ ಬಿಟ್ಟು ಬಂದ. ಪಾಂಡಿಯ ಕೈಯಿಂದ ನೂಲು ಕಿತ್ತುಕೊಂಡು ತಂದೆಯ ಪಕ್ಕದಲ್ಲಿ ತಾನೂ ಮಂಡಿಯೂರಿದ. ಒಂದು ತುದಿಯನ್ನು ಅವರ ಬೆರಳಿಗೆ ಕೊಟ್ಟ, ಇನ್ನೊಂದನ್ನು ತಾನು ಹಿಡಿದ. ಇಬ್ಬರೂ ತೆವಳುತ್ತಾ, ಎಣಿಸುತ್ತಾ ಹೋದರು. ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ವೇಲು ಬಂದು ನಿಂತಿದ್ದ. ಗೋಡೆ ಸಿಕ್ಕಿತು.

"ಇಪ್ಪತ್ತು, ಅಪ್ಪಾ."

"ಇಪ್ಪತ್ತಾ?"

"ಇಪ್ಪತ್ತು."

ಮುತ್ತಯ್ಯ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು. "ಅಂಗಾದ್ರೆ ಕಮ್ಮಿ ಅಂದೋರು ಯಾರು?"

ಬೀಗದವರ ಅರದ ಸದ್ದು ಆ ಹೊತ್ತಿಗೆ ನಿಂತಿತ್ತೋ ಏನೋ, ಗಲ್ಲಿಗೆಲ್ಲ ಕೇಳುವ ಹಾಗೆ ಗಣೇಶನ ಮಾತು ಬಂತು.

"ನಾನು, ಅಪ್ಪಾ. ನಾನು ತೆಪ್ಪು ಎಣಿಸ್ಬುಟ್ಟೆ."

"ನೀನಾ?" ಮುತ್ತಯ್ಯ ಮಗನ ಕಡೆ ತಿರುಗಿದರು. "ಸೆರಿ. ಆದ್ರೆ ನಾಳೀಕೆ ನಂಗೆ ಮರ್ತೋಗ್ತದೆ ಕಣಪ್ಪಾ. ಮತ್ತೆ ಕೊಟ್ಟೆ ಅನ್ಸ್ತದೆ."

"ನಾಳೀಕೂ ಅಳೆಯಾನ."

"ನಾಡಿದ್ದು?"

"ನಾಡಿದ್ದೂ."

ಜೆಯಲಕ್ಷ್ಮಿ ಚೀಲವನ್ನು ಒಳಕ್ಕೆ ಒಯ್ದಳು. ಗೋಮತಿ ಅಡುಗೆಮನೆಗೆ ಹೋಗಿ ಬಲ್ಬು ಹಾಕಿ, ಮೇಸ್ತ್ರಿಯೂ ಸೇರಿ ಆರು ಜನಕ್ಕೆ ಆಗುವಷ್ಟು ಅಕ್ಕಿ ತೊಳೆದಿಟ್ಟಳು. ಗುಬಟುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಕಾಫಿ ಬಟ್ಟೆಗೆ ಬೇರೆ ಜಾಗ ನೋಡಬೇಕಾಗಿತ್ತು.